ಗೊರಕೆ ನಿಲ್ಲಿಸಲು ಬಾಯಲ್ಲಿ ಹಾಕಿಕೊಳ್ಳುವ ಸಾಧನ ಕೆಲಸ ಮಾಡುತ್ತದೆಯೇ? ಹೇಗೆ ಬಳಸಬೇಕು?

ಗೊರಕೆ ಗಂಟಲಿನಿಂದ ಬರುತ್ತಿದ್ದರೆ ಬಹಳಷ್ಟು ಜನರಿಗೆ ಮಾಡುತ್ತದೆ. ಮೂಗು ಕಟ್ಟಿ ಬರುವ ಗೊರಕೆಗೆ ಅಷ್ಟಾಗಿ ಇಲ್ಲ. ಅಂಗಾತ ಮಲಗಿದಾಗ ನಾಲಿಗೆಯ ಬುಡ ಹಿಂದಕ್ಕೆ ಜಾರಿ ಉಸಿರಿನ ದಾರಿ ಕಿರಿದಾಗುತ್ತದೆ. ಈ ಸಾಧನ ಕೆಳದವಡೆಯನ್ನು ಕೆಲವು ಮಿಲಿಮೀಟರ್ ಮುಂದಕ್ಕೆ ಹಿಡಿದಿಟ್ಟು ಅದನ್ನು ತಡೆಯುತ್ತದೆ.

ಜನ ಎಡವುವುದು ಹೊಂದಿಸುವಾಗ. ಮೊದಲ ರಾತ್ರಿಯೇ ದವಡೆಯನ್ನು ಪೂರ್ತಿ ಎಳೆದು, ಬೆಳಿಗ್ಗೆ ಕಿವಿಯ ಮುಂದಿನ ಕೀಲು ನೋಯಿತೆಂದು ಸಾಧನವನ್ನು ಡಬ್ಬಿಗೆ ಸೇರಿಸಿಬಿಡುತ್ತಾರೆ. ದವಡೆ ಎಷ್ಟು ಮುಂದೆ ಬರಬಲ್ಲದೋ ಅದರ ಸುಮಾರು ಅರ್ಧದಿಂದ ಶುರುಮಾಡಿ, ವಾರಕ್ಕೆ 0.5ರಿಂದ 1 ಮಿ.ಮೀ. ಮುಂದಕ್ಕೆ ಸರಿಸಿ. ಗೊರಕೆ ತಗ್ಗಿದಲ್ಲಿಗೆ ಸಾಕು. ಮೊದಮೊದಲು ಜೊಲ್ಲು ಸುರಿಯುತ್ತದೆ, ದಿಂಬಿನ ಮೇಲೊಂದು ಟವೆಲ್ ಹಾಸಿಕೊಳ್ಳಿ. ಬೆಳಿಗ್ಗೆ ಹಲ್ಲು ಸರಿಯಾಗಿ ಕೂರದಂತೆ ಅನಿಸುವುದೂ ಮಾಮೂಲು; ಮಧ್ಯಾಹ್ನವಾದರೂ ಹಾಗೇ ಇದ್ದರೆ ದಂತವೈದ್ಯರಿಗೆ ತೋರಿಸಿ. ತಣ್ಣೀರಲ್ಲೇ ತೊಳೆಯಿರಿ, ಬಿಸಿನೀರಿಗೆ ಅಚ್ಚು ಸೊಟ್ಟಗಾಗುತ್ತದೆ.

ಹಲ್ಲು ಅಲುಗಾಡುತ್ತಿದ್ದರೆ, ಪೂರ್ತಿ ಕಟ್ಟಿಸಿದ ಹಲ್ಲಿದ್ದರೆ ಇದು ಬೇಡ. ನಿದ್ದೆಯಲ್ಲಿ ಉಸಿರು ನಿಂತು ಥಟ್ಟನೆ ಏದುಸಿರು ಬಿಡುವುದು, ಹಗಲಲ್ಲಿ ತೂಕಡಿಕೆ ಇದ್ದರೆ ಮೊದಲು ಸ್ಲೀಪ್ ಸ್ಟಡಿ (ನಿದ್ದೆಯಲ್ಲಿ ಉಸಿರಾಟ ಗಮನಿಸುವ ಪರೀಕ್ಷೆ) ಮಾಡಿಸಿ. ಅದು ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ಪದೇಪದೇ ನಿಲ್ಲುವ ರೋಗ) ಆಗಿದ್ದರೆ, ಸಾಧನ ಸದ್ದನ್ನಷ್ಟೇ ಅಡಗಿಸಿ ರೋಗವನ್ನು ಹಾಗೇ ಬಿಡಬಹುದು.