ಓದುಗರ ಪ್ರಶ್ನೆ: ಪದ್ಯ ಓದಿಸಿ ವಾದ ಬರೆಸುವುದು ಹೇಗೆ?

ಪ್ರಶ್ನೆ: 7ನೇ ತರಗತಿಯವರಿಗೆ ‘ಗೋವಿನ ಹಾಡು’ ಓದಿಸಿ, ಪುಣ್ಯಕೋಟಿಯ ಬಗ್ಗೆ ಅಭಿಪ್ರಾಯ ಬರೆಯಿರಿ ಅಂದರೆ ಇಡೀ ಕಥೆಯನ್ನೇ ಬರೆದು ‘ಸತ್ಯಕ್ಕೆ ಜಯ’ ಎಂದು ಮುಗಿಸುತ್ತಾರೆ. ಎಲ್ಲರದ್ದೂ ಒಂದೇ ಪ್ರಬಂಧ. ಏನು ಮಾಡಲಿ?
— ಶಿಕ್ಷಕಿ, ಚಿತ್ತಾಪುರ

ಉತ್ತರ: ತೊಂದರೆ ಇರುವುದು ಪ್ರಶ್ನೆಯಲ್ಲಿ, ಮೇಡಂ. ‘ಅಭಿಪ್ರಾಯ ಬರೆಯಿರಿ’ ಅಂದರೆ ಮಕ್ಕಳಿಗೆ ‘ಗೊತ್ತಿದ್ದುದೆಲ್ಲ ಬರೆಯಿರಿ’ ಎಂದೇ ಕೇಳಿಸುತ್ತದೆ. ಎರಡೂ ಕಡೆ ನಿಂತು ಮಾತಾಡಬಹುದಾದ ಪ್ರಶ್ನೆ ಕೊಡಿ: ‘ಎಳೆಯ ಕರುವನ್ನು ಬಿಟ್ಟು ಹುಲಿಯ ಬಳಿಗೆ ಹೋದದ್ದು ಸರಿಯೇ?’ ‘ಪುಣ್ಯಕೋಟಿ ಸತ್ಯವಂತೆ’ ಎಂಬುದು ವಾದವಾಗದು, ಅದನ್ನು ಅಲ್ಲಗಳೆಯುವವರೇ ಇಲ್ಲ. ಪಕ್ಕದಲ್ಲಿ ಕೂತ ಮಗು ‘ಹಾಗಲ್ಲ’ ಎನ್ನಲು ಎಡೆಯಿರಬೇಕು.

ಮೊದಲ ಪೀರಿಯಡ್‌ನಲ್ಲಿ ಪೆನ್ನು ಬೇಡ. ‘ಸರಿ’ ಎನ್ನುವವರು ಒಂದು ಗೋಡೆಯ ಕಡೆ, ‘ತಪ್ಪು’ ಎನ್ನುವವರು ಇನ್ನೊಂದು ಕಡೆ ನಿಲ್ಲಲಿ. ಬಾಯಿ ತೆರೆಯುವ ಮುಂಚೆ ಪದ್ಯದ ಒಂದು ಸಾಲು ಓದಲೇಬೇಕು. ‘ತಪ್ಪು’ ಎನ್ನುವವರಿಗೆ ಕರುವಿನ ‘ಆರ ಮೊಲೆಯನು ಕುಡಿಯಲಮ್ಮ’ ಬೇಗ ಸಿಗುತ್ತದೆ. ‘ಸರಿ’ ಗುಂಪು ‘ಸತ್ಯವೇ ನಮ್ಮ ತಾಯಿ ತಂದೆ’ ಎಂಬಲ್ಲಿಗೇ ಅಂಟಿಕೊಳ್ಳುತ್ತದೆ. ಅವರನ್ನು ದೊಡ್ಡಿಯ ಭಾಗಕ್ಕೆ ಕಳಿಸಿ: ಈ ಕರು ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಎಂದು ಪುಣ್ಯಕೋಟಿ ಉಳಿದ ಹಸುಗಳನ್ನು ಬೇಡಿಕೊಳ್ಳುವ ಜಾಗ.

ಎರಡನೇ ಪೀರಿಯಡ್‌ನಲ್ಲಿ ಒಂದೇ ಒಂದು ಪ್ಯಾರಾ. ವಾದಕ್ಕೆ ಒಂದು ವಾಕ್ಯ, ಪದ್ಯದಿಂದ ಒಂದೆರಡು ಸಾಲು, ವಿವರಣೆಗೆ ಕನಿಷ್ಠ ಮೂರು ವಾಕ್ಯ. ಮಕ್ಕಳು ಎಡವುವುದು ವಿವರಣೆಯಲ್ಲೇ. ಸಾಲು ಬರೆದು ‘ಇದರಿಂದ ಅವಳ ಒಳ್ಳೆಯತನ ತಿಳಿಯುತ್ತದೆ’ ಎಂದು ಕೈತೊಳೆದುಕೊಳ್ಳುತ್ತಾರೆ. ಅಲ್ಲಿ ಕೆಂಪು ಗೆರೆ ಎಳೆಯಬೇಡಿ, ‘ಯಾವ ಪದದಿಂದ ತಿಳಿಯಿತು?’ ಎಂದು ಮಾರ್ಜಿನ್‌ನಲ್ಲಿ ಬರೆಯಿರಿ. ಆಗ ಹಾಯುವ, ಒದೆಯುವ ಮಾತು ಕಣ್ಣಿಗೆ ಬೀಳುತ್ತದೆ: ‘ತಾಯಿಯಿಲ್ಲದ ಕರುವನ್ನು ಬೇರೆ ಹಸುಗಳು ಹತ್ತಿರ ಸೇರಿಸುವುದಿಲ್ಲ. ಇದು ಪುಣ್ಯಕೋಟಿಗೆ ಗೊತ್ತಿತ್ತು. ಗೊತ್ತಿದ್ದೇ ಬೇಡಿಕೊಂಡಳು, ಅಂದಮೇಲೆ ಅವಳು ಕರುವನ್ನು ಸುಮ್ಮನೆ ಬಿಟ್ಟುಹೋಗಲಿಲ್ಲ.’ ದನಕರುಗಳ ನಡುವೆ ಬೆಳೆದ ನಮ್ಮ ಕಡೆಯ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಇಂಥ ಮೂರು ವಾಕ್ಯ ಬರೆಯಲು ಬಂದರೆ ನಾಲ್ಕು ಪುಟದ ಪ್ರಬಂಧಕ್ಕಿಂತ ಅದೇ ಮೇಲು.

ಎದುರುವಾದ ಆಮೇಲೆ. ಒಬ್ಬರೇ ಬರೆದರೆ ಎದುರಾಳಿಯ ಬಾಯಲ್ಲಿ ಬಲವಿಲ್ಲದ ಮಾತನ್ನೇ ಇಡುತ್ತಾರೆ. ಆದ್ದರಿಂದ ಎದುರು ಗೋಡೆಯ ಗೆಳತಿಯಿಂದಲೇ ಅವಳ ಗಟ್ಟಿ ಸಾಲನ್ನು ಕೇಳಿ ಪಡೆದು, ‘ಆದರೂ’ ಎಂದು ಉತ್ತರ ಬರೆಯಲಿ.

10 ಅಂಕವಿದ್ದರೆ ವಾದಕ್ಕೆ 2, ಆರಿಸಿದ ಸಾಲಿಗೆ 2, ವಿವರಣೆಗೆ 4, ಎದುರುವಾದಕ್ಕೆ 1, ಕಾಗುಣಿತಕ್ಕೆ 1. ವಿವರಣೆಗೆ ಅಂಕ ಕಡಿಮೆ ಇಟ್ಟರೆ ಮಕ್ಕಳು ಮತ್ತೆ ಕಥೆಗೇ ಮರಳುತ್ತಾರೆ.

ಪ್ರಶ್ನೆ: ನಮ್ಮ ಮಕ್ಕಳು ಮನೆಯಲ್ಲಿ ಮರಾಠಿ, ಲಂಬಾಣಿ ಮಾತಾಡುವವರು. ಬಾಯಲ್ಲಿ ಚೆನ್ನಾಗಿ ವಾದಿಸುತ್ತಾರೆ, ಬರೆಯಲು ಕೂತರೆ ಎರಡು ಸಾಲು.
— ಶಿಕ್ಷಕ, ಔರಾದ

ಉತ್ತರ: ಸರ್, ವಾದ ಅವರಲ್ಲಿದೆ, ಪುಸ್ತಕದ ಭಾಷೆ ಅಡ್ಡ ಬರುತ್ತಿದೆ. ಮೊದಲ ಕರಡನ್ನು ಬಾಯಿಗೆ ಬಂದಂತೆಯೇ ಬರೆಯಲಿ: ‘ಆಕಿ ಹೋಗಿದ್ದು ಬರೋಬರಿ ಅದ, ಯಾಕಂದ್ರ…’ ನಡುವೆ ಮರಾಠಿ, ಲಂಬಾಣಿ ಪದ ಬಂದರೂ ಇರಲಿ. ಆ ಕರಡಿನಲ್ಲಿ ಕಾಗುಣಿತ ತಿದ್ದಬೇಡಿ. ತಿದ್ದಿದರೆ ಮಗು ತಪ್ಪಾಗದ ಚಿಕ್ಕ ವಾಕ್ಯವನ್ನಷ್ಟೇ ಬರೆಯುತ್ತದೆ, ವಾದ ಅಲ್ಲೇ ಸೊರಗುತ್ತದೆ. ‘ಏಕೆಂದರೆ’, ‘ಆದ್ದರಿಂದ’, ‘ಆದರೂ’, ‘ಒಂದು ವೇಳೆ’ ಈ ನಾಲ್ಕನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಡಿ. ಎರಡನೇ ಕರಡಿನಲ್ಲಿ ಇಬ್ಬಿಬ್ಬರು ಕೂತು ಪುಸ್ತಕದ ಕನ್ನಡಕ್ಕೆ ತರಲಿ.

ಪ್ರಶ್ನೆ: ಮಗ ಗೈಡ್ ನೋಡಿ ಬರೆಯುತ್ತಾನೆ. ತಡೆಯುವುದು ಹೇಗೆ?
— ಪಾಲಕರು, ಶಹಾಪುರ

ಉತ್ತರ: ಗೈಡ್‌ನಲ್ಲಿ ಸಿಗುವುದು ಸಾರಾಂಶ. ಬರೆದದ್ದನ್ನು ಓದಿಸಿ, ‘ಇದನ್ನು ಹೇಳುವ ಸಾಲು ಪದ್ಯದಲ್ಲಿ ಎಲ್ಲಿದೆ, ಬೆರಳಿಟ್ಟು ತೋರಿಸಪ್ಪ’ ಅನ್ನಿ. ತೋರಿಸಲಾಗದ ವಾಕ್ಯವನ್ನು ಅವನೇ ಹೊಡೆದುಹಾಕಲಿ.