ಇಂಗ್ಲಿಷಿನ ‘ಬಾರ್ನ್’ ಜರ್ಮನಿಯಲ್ಲಿ ಕೊಟ್ಟಿಗೆಯೋ, ಹುಲ್ಲಿನ ಮನೆಯೋ?

ಕೃಷಿ ಯಂತ್ರಗಳ ಇಂಗ್ಲಿಷ್ ಕೈಪಿಡಿಗಳನ್ನೂ ಪ್ರಚಾರಪತ್ರಗಳನ್ನೂ ಜರ್ಮನ್‌ಗೆ ಅನುವಾದಿಸುವ ಕೆಲಸ ಹಿಡಿದಿರುವುದಾಗಿಯೂ, ನಿಘಂಟು ಒಂದೊಂದು ಪದಕ್ಕೆ ನಾಲ್ಕೈದು ಅರ್ಥ ಕೊಟ್ಟು ಕೈಬಿಡುವುದಾಗಿಯೂ, ಗಾದೆಮಾತುಗಳ ವಿಷಯದಲ್ಲಂತೂ ದಾರಿಯೇ ತೋಚದಾಗಿರುವುದಾಗಿಯೂ ನೀವು ಬರೆದಿದ್ದೀರಿ. ಹಲವು ವರ್ಷಗಳಿಂದ ಇದೇ ಬಗೆಯ ಕೆಲಸ ಮಾಡುತ್ತಿರುವ ನನಗೆ ಉಪಯೋಗಕ್ಕೆ ಬಂದ ಕ್ರಮವೆಂದರೆ, ಇಂಗ್ಲಿಷಿನಿಂದ ಜರ್ಮನ್‌ಗೆ ನೇರವಾಗಿ ಜಿಗಿಯದೆ ನಡುವೆ ಒಮ್ಮೆ ನಮ್ಮ ಊರಿನ ಹೊಲಕ್ಕೆ ಇಳಿದು ನೋಡುವುದು. ಇಂಗ್ಲಿಷ್ ಒಂದೇ ಪದದಲ್ಲಿ ಮುಗಿಸಿಬಿಡುವ ಸಂಗತಿಗಳನ್ನು ಜರ್ಮನ್ ರೈತ ಬೇರೆ ಬೇರೆಯಾಗಿ ಹೇಳುತ್ತಾನೆ. ನಮ್ಮ ರೈತನೂ ಹಾಗೆಯೇ ಹೇಳುತ್ತಾನೆ.

‘ಹಾರ್ವೆಸ್ಟರ್’ ಎಂಬ ಪದವನ್ನೇ ತೆಗೆದುಕೊಳ್ಳಿ. ನಾವು ರಾಗಿ ಕೊಯ್ಯುತ್ತೇವೆ, ಶೇಂಗಾ ಕೀಳುತ್ತೇವೆ, ಹತ್ತಿ ಬಿಡಿಸುತ್ತೇವೆ, ಆಲೂಗಡ್ಡೆ ಅಗೆಯುತ್ತೇವೆ. ಎಲ್ಲಕ್ಕೂ ಒಂದೇ ಕ್ರಿಯಾಪದ ಬಳಸಿದರೆ ಹೊಲದಲ್ಲಿದ್ದವರು ನಕ್ಕಾರು. ಜರ್ಮನ್‌ನಲ್ಲಿಯೂ ಧಾನ್ಯ ಕೊಯ್ದು ಒಕ್ಕುವ ಯಂತ್ರ ‘ಮೇಡ್ರೆಶರ್’, ಅಂದರೆ ಕೊಯ್ಯುವುದು ಮತ್ತು ಒಕ್ಕುವುದು ಎರಡನ್ನೂ ಹೆಸರಿನಲ್ಲೇ ಹೊತ್ತದ್ದು. ಆಲೂಗಡ್ಡೆಯನ್ನು ನೆಲದಿಂದ ಎತ್ತುವುದು ‘ಕಾರ್ಟೋಫೆಲ್‌ರೋಡರ್’. ಮೇವಿನ ಜೋಳವನ್ನು ಕಡಿದು ಚೂರು ಮಾಡುವುದು ‘ಫೆಲ್ಡ್‌ಹೆಕ್ಸ್ಲರ್’. ಸುಗ್ಗಿಗೆ ಸಾಮಾನ್ಯ ಪದ ‘ಎರ್ನ್ಟೆ’ ಆದರೂ ದ್ರಾಕ್ಷಿಗೆ ಬಂದಾಗ ಅದು ‘ವೈನ್‌ಲೇಸೆ’ ಆಗುತ್ತದೆ. ಅದರಲ್ಲಿರುವ ‘ಲೇಸೆ’ಗೆ ಆಯುವುದು ಎಂದು ಅರ್ಥ. ಆದ್ದರಿಂದ ನಿಘಂಟು ತೆರೆಯುವ ಮೊದಲು, ಈ ಬೆಳೆಯನ್ನು ನಮ್ಮೂರಲ್ಲಿ ಏನು ಮಾಡುತ್ತಾರೆ ಎಂದು ಕೇಳಿಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ.

‘ಬಾರ್ನ್’ ಕೂಡ ಹೀಗೆಯೇ. ದನ ಕಟ್ಟುವ ಕೊಟ್ಟಿಗೆಯಾದರೆ ‘ಶ್ಟಾಲ್’. ಹುಲ್ಲು, ಧಾನ್ಯ, ಸಲಕರಣೆ ಇಡುವ ಕಟ್ಟಡವಾದರೆ ‘ಶೊಯ್ನೆ’. ಗೊಬ್ಬರದ ವಿಷಯದಲ್ಲಿ ಈ ಹೋಲಿಕೆ ಇನ್ನೂ ಗಟ್ಟಿಯಾಗುತ್ತದೆ. ದನದ ಗಂಜಲ ಮಾತ್ರವಾದರೆ ‘ಯೌಖೆ’. ಸಗಣಿ ಮತ್ತು ಗಂಜಲ ಬೆರೆತು ಬಗ್ಗಡವಾಗಿರುವುದಾದರೆ ‘ಗ್ಯೂಲ್ಲೆ’. ಕಾಲಡಿಯ ಹುಲ್ಲಿನೊಂದಿಗೆ ಕಲೆತು ತಿಪ್ಪೆಗೆ ಹೋಗುವ ಗೊಬ್ಬರವಾದರೆ ‘ಮಿಸ್ಟ್’. ಟ್ಯಾಂಕರಿನಿಂದ ಹೊಲಕ್ಕೆ ಚೆಲ್ಲುವ ಯಂತ್ರದ ಕೈಪಿಡಿಯಲ್ಲಿ ‘ಮಿಸ್ಟ್’ ಎಂದು ಬರೆದರೆ, ತಿಪ್ಪೆಯನ್ನು ಕೊಳವೆಯಲ್ಲಿ ಹರಿಸಲು ಹೇಳಿದಂತಾಗುತ್ತದೆ.

‘ಕಾರ್ನ್’ ಪದ ಮಾತ್ರ ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುತ್ತದೆ. ಅಮೆರಿಕದ ಬರಹದಲ್ಲಿ ಅದು ಮೆಕ್ಕೆಜೋಳ, ಜರ್ಮನ್‌ನಲ್ಲಿ ‘ಮೈಸ್’. ಬ್ರಿಟನ್ನಿನ ಹಳೆಯ ಬರಹದಲ್ಲಿ, ಉದಾಹರಣೆಗೆ ಹೊರಗಿನಿಂದ ಬರುವ ಧಾನ್ಯಕ್ಕೆ ಸುಂಕ ಹಾಕುತ್ತಿದ್ದ, 1846ರಲ್ಲಿ ರದ್ದಾದ ಅಲ್ಲಿನ ಕಾರ್ನ್ ಕಾನೂನುಗಳ ಪ್ರಸ್ತಾಪ ಬಂದಾಗ, ಅದು ಗೋಧಿ ಮೊದಲಾದ ಧಾನ್ಯ, ಅಂದರೆ ‘ಗೆಟ್ರೈಡೆ’. ಜರ್ಮನ್‌ನಲ್ಲಿಯೂ ‘ಕೋರ್ನ್’ ಎಂಬ ಪದವಿದೆ. ಅದು ಕಾಳು, ಧಾನ್ಯ, ಅನೇಕ ಕಡೆ ಹಿಂದಿನಿಂದಲೂ ಮುಖ್ಯ ಬೆಳೆಯಾಗಿದ್ದ ರೈ ಧಾನ್ಯ, ಕೊನೆಗೆ ಧಾನ್ಯದಿಂದ ಭಟ್ಟಿ ಇಳಿಸಿದ ಒಂದು ಮದ್ಯ ಕೂಡ ಹೌದು, ಆದರೆ ಮೆಕ್ಕೆಜೋಳವಂತೂ ಅಲ್ಲ. ಊರಿನ ಮುಖ್ಯ ಧಾನ್ಯವೇ ಸಾಮಾನ್ಯ ಹೆಸರನ್ನು ಕಬಳಿಸುವ ಈ ರೂಢಿ ಕನ್ನಡಿಗರಿಗೆ ಹೊಸದೇನಲ್ಲ: ವಿಜಯಪುರದಲ್ಲಿ ಜೋಳವೆಂದರೆ ಬಿಳಿಜೋಳ, ಮತ್ತೊಂದನ್ನು ಗೋವಿನಜೋಳ, ಮೆಕ್ಕೆಜೋಳ ಎಂದು ಬಿಡಿಸಿಯೇ ಹೇಳಬೇಕು.

‘ಫಾರ್ಮರ್’ಗೆ ‘ಲಾಂಡ್‌ವಿರ್ಟ್’ ಎನ್ನಬೇಕೋ ‘ಬಾವರ್’ ಎನ್ನಬೇಕೋ ಎಂಬ ನಿಮ್ಮ ಅನುಮಾನಕ್ಕೆ ಉತ್ತರ ಚಿಕ್ಕದು. ಮೊದಲನೆಯದು ಮೂರು ವರ್ಷದ ತರಬೇತಿಯಿರುವ ವೃತ್ತಿಯ ಹೆಸರು. ಕೈಪಿಡಿಗೆ ಅದೇ ಸರಿ. ಎರಡನೆಯದು ಬೈಗುಳವೂ ಆಗಬಲ್ಲದು, ಅಭಿಮಾನದ ಪದವೂ ಆಗಬಲ್ಲದು. ಅಲ್ಲಿನ ರೈತರ ದೊಡ್ಡ ಸಂಘಟನೆ ಇಂದಿಗೂ ತನ್ನ ಹೆಸರಿನಲ್ಲಿ ‘ಬಾವರ್’ ಪದವನ್ನೇ ಉಳಿಸಿಕೊಂಡಿದೆ.

ಇನ್ನು ಗಾದೆಗಳು. ಬೈಬಲ್ಲಿನಿಂದ ಬಂದವು ಎರಡು ಭಾಷೆಗಳಲ್ಲಿಯೂ ಒಂದೇ ಚಿತ್ರ ಉಳಿಸಿಕೊಂಡಿರುವುದರಿಂದ, ಕಾಳಿನಿಂದ ಜಳ್ಳನ್ನು ಬೇರ್ಪಡಿಸುವ ಮಾತು ಜರ್ಮನ್‌ನಲ್ಲಿಯೂ ಹೊಟ್ಟು ಮತ್ತು ಗೋಧಿಯ ಮಾತಾಗಿಯೇ ಇದೆ. ಮಿಕ್ಕವುಗಳಲ್ಲಿ ಪ್ರಾಣಿಯೋ ಕಸುಬೋ ಬದಲಾಗುತ್ತದೆ. ನಮ್ಮ ಪತ್ರಿಕೆಗಳು ಇಂಗ್ಲಿಷಿನಿಂದ ಎರವಲು ತಂದು ಶಾಸಕರಿಗೆ ಅಂಟಿಸುವ ‘ಕುದುರೆ ವ್ಯಾಪಾರ’ ಜರ್ಮನ್‌ನಲ್ಲಿ ‘ಕೂಹಾಂಡೆಲ್’, ಎಂದರೆ ಹಸುವಿನ ವ್ಯಾಪಾರ. ಮೊಟ್ಟೆಯೊಡೆಯುವ ಮೊದಲೇ ಮರಿ ಎಣಿಸಬೇಡ ಎಂದು ಇಂಗ್ಲಿಷ್ ಹೇಳುವ ಕಡೆ, ಕರಡಿ ಹೊಡೆಯುವ ಮೊದಲೇ ಅದರ ತೊಗಲು ಹಂಚಬೇಡ ಎಂದು ಜರ್ಮನ್ ಹೇಳುತ್ತದೆ. ನಮ್ಮದು ಕೂಸು ಹುಟ್ಟುವ ಮುನ್ನ ಕುಲಾವಿ. ಬಿಸಿಲಿರುವಾಗಲೇ ಹುಲ್ಲು ಒಣಗಿಸಿಕೋ ಎಂಬ ಇಂಗ್ಲಿಷ್ ಮಾತಿಗೆ ನಮ್ಮದು ಗಾಳಿ ಬಂದಾಗ ತೂರಿಕೋ, ಜರ್ಮನ್‌ನದು ಕಾದಾಗಲೇ ಕಬ್ಬಿಣ ಬಡಿ.

ಈ ಕೊನೆಯ ಗಾದೆಯಲ್ಲಿ ನಾನೇ ಎಡವಿದ್ದೇನೆ. ಒಣಹುಲ್ಲನ್ನು ಪೆಂಡಿ ಕಟ್ಟುವ ಯಂತ್ರದ ಪ್ರಚಾರಪತ್ರವೊಂದರ ತಲೆಬರಹವಾಗಿ ಆ ಇಂಗ್ಲಿಷ್ ಗಾದೆ ಇತ್ತು. ಸಮಾನ ಗಾದೆ ಸಿಕ್ಕಿತೆಂಬ ಖುಷಿಯಲ್ಲಿ ಕಬ್ಬಿಣ ಬಡಿಯುವ ಮಾತನ್ನು ಹಾಕಿ ಕಳುಹಿಸಿದೆ. ಹುಲ್ಲುಗಾವಲಿನ ಚಿತ್ರದ ಮೇಲೆ ಕಮ್ಮಾರ ಎಲ್ಲಿಂದ ಬಂದ ಎಂದು ತಿದ್ದುವವರು ಅಂಚಿನಲ್ಲಿ ಬರೆದು ವಾಪಸು ಕಳುಹಿಸಿದರು. ಗಾದೆಯ ಚಿತ್ರವೇ ಸರಕಾಗಿರುವ ಕಡೆ ಸಮಾನ ಗಾದೆ ಕೆಲಸಕ್ಕೆ ಬಾರದು. ಕೊನೆಗೆ ಗಾದೆಯನ್ನೇ ಬಿಟ್ಟು, ಬಿಸಿಲಿನ ದಿನಗಳನ್ನು ವ್ಯರ್ಥ ಮಾಡದ ಯಂತ್ರ ಎಂಬರ್ಥದ ಸರಳ ವಾಕ್ಯ ಕೊಟ್ಟೆ, ಅದು ಅಚ್ಚಾಯಿತು.

ನೀವು ಕೇಳದಿದ್ದರೂ ಅಳತೆಗಳ ಬಗ್ಗೆ ಒಂದು ಎಚ್ಚರಿಕೆ. ಅಮೆರಿಕದ ಬುಶೆಲ್ ಗಾತ್ರದ ಅಳತೆಯಾದ್ದರಿಂದ ಅದರ ತೂಕ ಧಾನ್ಯದ ಮೇಲೆ ನಿಂತಿದೆ: ಮೆಕ್ಕೆಜೋಳಕ್ಕೆ ಸುಮಾರು 25.4 ಕಿಲೋ, ಗೋಧಿಗೆ 27.2 ಕಿಲೋ. ಎಕರೆಗೆ 180 ಬುಶೆಲ್ ಮೆಕ್ಕೆಜೋಳ ಎಂಬುದು ಹೆಕ್ಟೇರಿಗೆ ಸುಮಾರು 113 ‘ಡೆಟ್ಸಿಟೊನೆ’ ಆಗುತ್ತದೆ, ಗೋಧಿಯ ಲೆಕ್ಕ ಹಿಡಿದರೆ 121 ಎಂದು ತಪ್ಪು ಬರುತ್ತದೆ. ‘ಡೆಟ್ಸಿಟೊನೆ’ ಎಂದರೆ 100 ಕಿಲೋ, ನಮ್ಮ ಕ್ವಿಂಟಲ್ಲೇ. ಆದರೆ ಮಾತಿನಲ್ಲಿ ಬರುವ ‘ಟ್ಸೆಂಟ್ನರ್’ ಜರ್ಮನಿಯಲ್ಲಿ 50 ಕಿಲೋ, ಆಸ್ಟ್ರಿಯಾ ಮತ್ತು ಸ್ವಿಟ್ಜರ್ಲೆಂಡಿನಲ್ಲಿ 100 ಕಿಲೋ. ಆದ್ದರಿಂದ ಕೈಪಿಡಿ ಯಾವ ದೇಶದ ಓದುಗರಿಗೆ ಎಂಬುದನ್ನು ಕೆಲಸ ಕೊಟ್ಟವರಿಂದ ಮೊದಲೇ ಬರೆಸಿಕೊಳ್ಳಿ.