ಜಾವಾದ ಹಳ್ಳಿಯಲ್ಲಿ ಒಂದು ಎಕರೆ ಗದ್ದೆ ಕೊಳ್ಳಬಹುದಾ?

ನೀವು ಕೇಳಿದ್ದು ಇಷ್ಟು: "ಇಂಡೋನೇಷ್ಯಾದಲ್ಲಿ ಹಳ್ಳಿ ಕಡೆ ಒಂದು ಎಕರೆ ಗದ್ದೆ, ಒಂದು ಹಳೇ ಮನೆ ತಗೊಂಡು ನೆಮ್ಮದಿಯಾಗಿ ಇದ್ದುಬಿಡೋಣ ಅಂತಿದ್ದೇನೆ. ಭಾರತೀಯರಿಗೆ ಕೊಡ್ತಾರಾ? ಅಲ್ಲಿ ಜೀವನ ಹೇಗಿರುತ್ತೆ?"

ಗದ್ದೆ ಕೊಡಲ್ಲ. ಮನೆ ಬಾಡಿಗೆಗೆ ಸಿಗುತ್ತದೆ. ನೆಮ್ಮದಿಯೂ ಸಿಗುತ್ತದೆ, ಆದರೆ ನೀವು ಅಂದುಕೊಂಡಿರುವಂಥ ಯಾರ ಗೊಡವೆಯೂ ಇಲ್ಲದ ನೆಮ್ಮದಿ ಅಲ್ಲ.

ನಾನು ಮಂಡ್ಯ ಕಡೆಯವಳು. ಯಜಮಾನರು ಮಧ್ಯ ಜಾವಾದ ಕ್ಲಾತೆನ್ ಜಿಲ್ಲೆಯವರು. ಮೈಸೂರಿಗೆ ಓದಲು ಬಂದಿದ್ದಾಗ ಪರಿಚಯ. ಮದುವೆಯಾದಾಗಿನಿಂದ ಅವರ ಹಳ್ಳಿಯಲ್ಲೇ ಇದ್ದೇವೆ. ಜೋಗ್ಜಾ (ಯೋಗ್ಯಕರ್ತ) ಮತ್ತು ಸೋಲೋ ಊರುಗಳ ನಡುವೆ, ಮೆರಾಪಿ ಜ್ವಾಲಾಮುಖಿಯ ತಪ್ಪಲಿನಲ್ಲಿದೆ ಈ ಜಿಲ್ಲೆ. ಭತ್ತ, ಕಬ್ಬು, ಕಾಲುವೆ ನೀರು. ಹಾಗಾಗಿ ನನಗೆ ನೆಲ ಹೊಸದು ಅನಿಸಲೇ ಇಲ್ಲ. ನೆಲದ ವ್ಯವಹಾರ ಮಾತ್ರ ಪೂರ್ತಿ ಹೊಸದು. ಒಂದು ಎಚ್ಚರಿಕೆ: ಇದು ದೊಡ್ಡ ದೇಶ. ಸುಮಾತ್ರಾದ ಮಿನಾಂಗ್‌ಕಬೌ ಜನರಲ್ಲಿ ಪಿತ್ರಾರ್ಜಿತ ಗದ್ದೆ ತಾಯಿಯಿಂದ ಮಗಳಿಗೆ ಹೋಗುತ್ತದೆ. ಬಾಲಿಯಲ್ಲಿ ನೀರಿಗೇ ಬೇರೆ ಸಂಘ, ಬೇರೆ ದೇವಸ್ಥಾನ. ನಾನು ಹೇಳುವುದು ಜಾವಾದ ನಮ್ಮ ಕಡೆಯ ಮಾತು ಅಷ್ಟೇ.

ಮೊದಲು ಕಾನೂನು ಮುಗಿಸಿಬಿಡೋಣ. ಇಲ್ಲಿ ಜಮೀನಿನ ವಿಷಯಕ್ಕೆಲ್ಲ ಬುಡ 1960ರ ಭೂ ಕಾನೂನು. ಪೂರ್ಣ ಒಡೆತನಕ್ಕೆ 'ಹಕ್ ಮಿಲಿಕ್' ಅಂತಾರೆ, ಅದು ಇಂಡೋನೇಷ್ಯಾದ ಪ್ರಜೆಗಳಿಗೆ ಮಾತ್ರ. ಇಲ್ಲಿ ವಾಸಕ್ಕೆ ಅನುಮತಿ ಇರುವ ವಿದೇಶಿಯರಿಗೆ 'ಹಕ್ ಪಕಾಯ್' ಎಂಬ ಬಳಕೆಯ ಹಕ್ಕು ಸಿಗುತ್ತದೆ. ಅದರಲ್ಲಿ ಮನೆ ತಗೊಳ್ಳಬಹುದು, ಆದರೆ ಪ್ರಾಂತ್ಯಕ್ಕೊಂದು ಕನಿಷ್ಠ ಬೆಲೆ ಗೊತ್ತು ಮಾಡಿದ್ದಾರೆ. ಹಳ್ಳಿಯ ಹೆಂಚಿನ ಮನೆಗಳು ಆ ಬೆಲೆಯ ಹತ್ತಿರಕ್ಕೂ ಬರಲ್ಲ. ಗದ್ದೆ ಇನ್ನೂ ಬಿಗಿ. 1961ರ ನಿಯಮದ ಪ್ರಕಾರ ಸಾಗುವಳಿ ಜಮೀನಿನ ಮಾಲೀಕ ಅದೇ ಕೆಚಮಾತಾನ್‌ನಲ್ಲಿ, ಅಂದರೆ ನಮ್ಮ ಹೋಬಳಿಯಂಥ ವಿಭಾಗದಲ್ಲಿ, ಇಲ್ಲವೇ ಪಕ್ಕದ್ದರಲ್ಲಿ ವಾಸವಿರಬೇಕು. ಜಕಾರ್ತಾದ ಸಾಹುಕಾರನಿಗೂ ಕಾಗದದ ಮೇಲೆ ಇಲ್ಲಿ ಗದ್ದೆ ಕೊಳ್ಳುವ ಹಾಗಿಲ್ಲ. ಕೊಳ್ಳುವವರು ಕೊಳ್ಳುತ್ತಾರೆ, ಊರಲ್ಲಿರುವ ನೆಂಟರ ಹೆಸರಲ್ಲಿ. ಅದು ಬೇರೆ ಕಥೆ.

ಇಲ್ಲಿಯವರನ್ನು ಮದುವೆಯಾದರೆ ಆಗುತ್ತದಾ ಅಂತ ನೀವು ಮುಂದೆ ಕೇಳಬಹುದು. ನಾನೇ ಆಗಿದ್ದೇನೆ, ನನ್ನ ಹೆಸರಲ್ಲಿ ಒಂದು ಗೇಣು ನೆಲ ಇಲ್ಲ. ಮದುವೆಯಾದ ಮೇಲೆ ಗಳಿಸಿದ್ದು ಗಂಡ ಹೆಂಡತಿ ಇಬ್ಬರಿಗೂ ಸೇರಿದ್ದು ಅನ್ನುವುದು ಇಲ್ಲಿನ ಲೆಕ್ಕ. ಒಬ್ಬರು ವಿದೇಶಿ ಆಗಿದ್ದರೆ ಇನ್ನೊಬ್ಬರೂ ಜಮೀನು ಕೊಳ್ಳುವುದು ಕಷ್ಟ, ಅರ್ಧ ಪಾಲು ವಿದೇಶಿಯದಾಗಿಬಿಡುತ್ತಲ್ಲ. ಅದಕ್ಕೆ ನೋಟರಿ ಮುಂದೆ 'ನಿನ್ನದು ನಿನಗೆ, ನನ್ನದು ನನಗೆ' ಅಂತ ಕರಾರು ಮಾಡಿಸಬೇಕು. ಮುಂಚೆ ಇದನ್ನು ಮದುವೆಗೆ ಮೊದಲೇ ಮಾಡಿಸಬೇಕಿತ್ತು. ಮದುವೆಯಾದ ಮೇಲೂ ಮಾಡಿಸಬಹುದು ಅಂತ 2016ರಲ್ಲಿ ಇಲ್ಲಿನ ಸಂವಿಧಾನ ನ್ಯಾಯಾಲಯ ಹೇಳಿತು. ನಾವೂ ಮಾಡಿಸಿದ್ದೇವೆ. ಇನ್ನು, ವಾರಸುದಾರಿಕೆಯಲ್ಲಿ ಯಜಮಾನರ ಗದ್ದೆ ನನಗೆ ಬಂದರೂ ಒಂದು ವರ್ಷದೊಳಗೆ ಬಿಟ್ಟುಕೊಡಬೇಕು. ಇದನ್ನು ಅಮ್ಮನಿಗೆ ಫೋನಲ್ಲಿ ವಿವರಿಸಿದಾಗ "ಹಂಗಾರೆ ನಿಂದು ಅಂತ ಏನದೆ ಅಲ್ಲಿ?" ಅಂದಳು. ಜಾಗ ಇದೆ, ಪತ್ರ ಇಲ್ಲ ಅಂದೆ.

ಬಾಲಿಯಲ್ಲಿ ಅಷ್ಟೊಂದು ವಿದೇಶಿಯರು ವಿಲ್ಲಾ ಮಾಡಿಕೊಂಡಿದ್ದಾರಲ್ಲ, ಅನ್ನುತ್ತೀರಿ. ಒಂದಷ್ಟು ಲೀಸ್. ಇನ್ನೊಂದಷ್ಟು 'ಪಿಂಜಮ್ ನಾಮಾ', ಅಂದರೆ ದುಡ್ಡು ನಿಮ್ಮದು, ಪತ್ರದಲ್ಲಿ ಹೆಸರು ಇಲ್ಲಿಯವರದು. ಈ ಎರಡನೆಯದರ ಹತ್ತಿರಕ್ಕೂ ಹೋಗಬೇಡಿ. 1960ರ ಕಾನೂನಿನ 26ನೇ ಕಲಮು ಇದನ್ನೇ ಹಿಡಿದು ಬರೆದಿದ್ದು: ವ್ಯವಹಾರವೇ ಅಸಿಂಧು, ಜಮೀನು ಸರ್ಕಾರಕ್ಕೆ, ಕೊಟ್ಟ ದುಡ್ಡು ವಾಪಸ್ ಕೇಳುವ ಹಾಗಿಲ್ಲ. ಯಾರಾದರೂ ಏಜೆಂಟು "ಎಲ್ಲರೂ ಮಾಡ್ತಾರೆ ಬಿಡಿ" ಅಂದರೆ ಕಾಫಿ ಕುಡಿದು ಎದ್ದು ಬನ್ನಿ.

ಇನ್ನು ನಿಮ್ಮ ಒಂದು ಎಕರೆ. ಅಂದರೆ ನಾಲ್ಕು ಸಾವಿರ ಚದರ ಮೀಟರ್ ಚಿಲ್ಲರೆ. ಇಲ್ಲಿ ಅಷ್ಟು ಗದ್ದೆ ಒಂದೇ ಕಡೆ ಇರುವವನು ಸ್ಥಿತಿವಂತ. ಒಂದು ಕುಟುಂಬಕ್ಕೆ ಕನಿಷ್ಠ 2 ಹೆಕ್ಟೇರ್ ಇರಬೇಕು ಅಂತ 1960ರಲ್ಲೇ ಸರ್ಕಾರ ಗುರಿ ಇಟ್ಟಿತ್ತು. ಆಗಿದ್ದು ತಿರುಗಾ ಮುರುಗಾ. ಅರ್ಧ ಹೆಕ್ಟೇರಿಗಿಂತ ಕಡಿಮೆ ಇರುವ ರೈತ ಕುಟುಂಬಗಳು 2013ರ ಕೃಷಿ ಗಣತಿಯಲ್ಲಿ ದೇಶದಲ್ಲಿ ಸುಮಾರು 1.42 ಕೋಟಿ ಇದ್ದವು, 2023ರಲ್ಲಿ ಸುಮಾರು 1.69 ಕೋಟಿ ಆದವು. ಜಾವಾದಲ್ಲಂತೂ ಇದೇ ಮಾಮೂಲಿ. ಅತ್ತೆ ಗದ್ದೆ ಮೂರು ತುಂಡು, ಮೂರೂ ಮೂರು ದಿಕ್ಕಿಗೆ. ಮೂರನ್ನೂ ಕೂಡಿಸಿದರೆ ನಿಮ್ಮ ಎಕರೆ ತುಂಬುವುದಿಲ್ಲ.

ಅತ್ತೆಯ ಜಮೀನಿನ ಕಾಗದಗಳೆಲ್ಲ ಒಂದು ಖೊಂಗ್ ಗುವಾನ್ ಬಿಸ್ಕತ್ ಡಬ್ಬದಲ್ಲಿದ್ದವು. ಈ ಕೆಂಪು ಡಬ್ಬ ಇಲ್ಲದ ಮನೆ ಇಲ್ಲಿಲ್ಲ. ಮುಚ್ಚಳ ತೆಗೆದರೆ ವರ್ಷವರ್ಷದ ಕಂದಾಯದ ಚೀಟಿ, ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ದು. ಬಹಳ ಕಾಲ ಇಷ್ಟೇ ಆಧಾರ. ಹಳ್ಳಿ ಕಚೇರಿಯಲ್ಲಿ 'ಲೆಟ್ಟರ್ ಸಿ' ಎಂಬ ದೊಡ್ಡ ಪುಸ್ತಕ ಇರುತ್ತದೆ, ಯಾರ ಹೆಸರಿಗೆ ಎಷ್ಟು ಗದ್ದೆ ಅಂತ ಕೈಯಲ್ಲಿ ಬರೆದದ್ದು. ಹಳ್ಳಿಯ ಕಾರ್ಯದರ್ಶಿ ಅದನ್ನು ಇಟ್ಟುಕೊಂಡಿರುತ್ತಾನೆ. ಅದು ಕಂದಾಯದ ಲೆಕ್ಕವೇ ಹೊರತು ಹಕ್ಕುಪತ್ರ ಅಲ್ಲ. ನಮ್ಮ ಕಡೆ ಪಹಣಿ ಹಿಡಿದುಕೊಂಡು ನಂದೇ ಜಮೀನು ಅಂತ ವಾದಿಸುತ್ತಾರಲ್ಲ, ಅಂಥದ್ದೇ. ಎಲ್ಲ ಜಮೀನಿಗೂ ಹಕ್ಕುಪತ್ರ ಕೊಡುತ್ತೇವೆ ಅಂತ 2017ರಿಂದ ಸರ್ಕಾರ ಹಳ್ಳಿ ಹಳ್ಳಿಗೆ ಅಳತೆಗೆ ಬಂತು. ಜಾವಾ ಮತ್ತು ಬಾಲಿಯಲ್ಲಿ ಹಳ್ಳಿಯ ಮಟ್ಟದ ಖರ್ಚಿಗೆ ಒಂದು ತುಂಡಿಗೆ 1,50,000 ರುಪಿಯಾ ಮಿತಿ ಹಾಕಿದರು. ಗಾಬರಿ ಬೀಳಬೇಡಿ, ನಮ್ಮ ದುಡ್ಡಲ್ಲಿ ಸಾವಿರ ರೂಪಾಯಿಯೊಳಗೆ.

ಅಳತೆಯ ದಿನ ಅಕ್ಕಪಕ್ಕದ ಗದ್ದೆಯವರು ಬಂದು ನಿಲ್ಲಬೇಕು, ಗಡಿಗೆ ಒಪ್ಪಿದೆ ಅಂತ ಸಹಿ ಹಾಕಬೇಕು. ಅವತ್ತೇ ಗೊತ್ತಾಗಿದ್ದು, ಬದು ಜರುಗಿದೆ. ಪ್ರತಿ ಸಲ ಬದು ಕೊಚ್ಚಿ ಮೆತ್ತುವಾಗ ಗುದ್ದಲಿ ಸ್ವಲ್ಪ ಈ ಕಡೆಗೇ ಬೀಳುತ್ತಿತ್ತು ಅಂತ ಕಾಣುತ್ತದೆ. ಪಕ್ಕದ ಗದ್ದೆಯ ಮುದುಕಪ್ಪ ಮಾತೇ ಆಡಲಿಲ್ಲ. ಅತ್ತೆಯೂ ಆಡಲಿಲ್ಲ. ಇಬ್ಬರೂ ನಗುನಗುತ್ತಾ ಹವೆ, ಇಲಿ ಕಾಟ, ಮೊಮ್ಮಕ್ಕಳ ವಿಷಯ ಮಾತಾಡಿದರು. ನಾನು ಮಂಡ್ಯದವಳು, ಇನ್ನೇನು ಗಲಾಟೆ ಶುರುವಾಯ್ತು ಅಂತ ಕಾಯುತ್ತಿದ್ದೆ. ಸಂಜೆ ಆ ಅಜ್ಜ ಒಂದು ಗೊನೆ ಬಾಳೆಹಣ್ಣು ತಂದು ಜಗಲಿ ಮೇಲಿಟ್ಟು, ಸಿಹಿ ಟೀ ಕುಡಿದು ಹೋದ. ಮಾರನೇ ದಿನ ಬಿದಿರಿನ ಗೂಟ ಹಳೇ ಜಾಗಕ್ಕೆ ಬಂದಿತ್ತು. ಇಲ್ಲಿ ಜಗಳ ಹೀಗೇ ಮುಗಿಯುತ್ತದೆ, ಅಥವಾ ಮುಗಿಯುವುದೇ ಇಲ್ಲ. ನಡುವಿನದು ಇಲ್ಲ.

ಗದ್ದೆ ಇರುವವರೆಲ್ಲ ಉಳುವವರಲ್ಲ. ಗಂಡಸರು ಜಕಾರ್ತಾ ಕಡೆ ಕಟ್ಟಡ ಕೆಲಸಕ್ಕೆ, ಫ್ಯಾಕ್ಟರಿಗೆ ಹೋಗುತ್ತಾರೆ. ಹೆಂಗಸರು ಹಾಂಗ್‌ಕಾಂಗ್, ತೈವಾನ್‌ಗೆ ಮನೆಗೆಲಸಕ್ಕೆ ಹೋಗಿ ದುಡ್ಡು ಕಳಿಸುತ್ತಾರೆ. ಊರಲ್ಲಿ ಟೈಲ್ಸ್ ಹಾಕಿದ ಹೊಸ ಮನೆ ಕಂಡರೆ ಗದ್ದೆಯಿಂದ ಬಂದದ್ದು ಅಂತ ಅಂದುಕೊಳ್ಳಬೇಡಿ. ಗದ್ದೆಯನ್ನು ಇಲ್ಲಿಯವರು 'ಮಾರೋ' ಅನ್ನುವ ಲೆಕ್ಕದಲ್ಲಿ ಕೊಡುತ್ತಾರೆ (ಮಾರಾಟ ಅಲ್ಲ), ಅರ್ಧ ಬೆಳೆ ಮಾಲೀಕನಿಗೆ, ಅರ್ಧ ಉಳುವವನಿಗೆ. ನಮ್ಮ ವಾರಕ್ಕೆ ಕೊಡೋದು ಇದೇ. ಬರವಣಿಗೆಯಲ್ಲಿ ಕರಾರು ಇರಬೇಕು, ಗದ್ದೆಗೆ ಕನಿಷ್ಠ 3 ವರ್ಷ ಅಂತ 1960ರದೇ ಇನ್ನೊಂದು ಕಾನೂನು ಹೇಳುತ್ತದೆ. ಬರೆದವರನ್ನು ನಾನು ಕಂಡಿಲ್ಲ. 1974ರ ದೇವರಾಜ ಅರಸು ಕಾಲದ ಕಾನೂನಿನಲ್ಲಿ ಗೇಣಿದಾರರಿಗೆ ಭೂಮಿ ಬಂದ ಊರಿಂದ ಬಂದ ನನಗೆ, ಉಳುವವನು ಸಾಯುವ ತನಕ ಅರ್ಧಕ್ಕೇ ಉಳುವುದು ಇನ್ನೂ ಒಗ್ಗಿಲ್ಲ. ಭೋಗ್ಯವೂ ಇದೆ: ಸಾಲ ಕೊಟ್ಟವನು ದುಡ್ಡು ವಾಪಸ್ ಬರುವ ತನಕ ಗದ್ದೆ ಉಣ್ಣುತ್ತಾನೆ. 7 ವರ್ಷ ಆದರೆ ಪುಕ್ಕಟೆ ಬಿಟ್ಟುಕೊಡಬೇಕು ಅಂತ ಕಾನೂನು. ಕೇಳುವ ಧೈರ್ಯ ಯಾರಿಗಿದೆ?

ಕಟಾವಿಗೆ ಮುಂಚೆ ವ್ಯಾಪಾರಿ ಬರುತ್ತಾನೆ. ಬದುವಿನ ಮೇಲೆ ಒಂದು ಸುತ್ತು ಹಾಕಿ, ಎರಡು ತೆನೆ ಅಂಗೈಯಲ್ಲಿ ಉಜ್ಜಿ ನೋಡಿ, ನಿಂತ ಬೆಳೆಗೇ ಬೆಲೆ ಹೇಳುತ್ತಾನೆ. ಯಂತ್ರ ತಂದು ಕುಯ್ಯಿಸಿಕೊಂಡು ಹೋಗುತ್ತಾನೆ. ಮುಂಚೆ ಊರಿನ ಹೆಂಗಸರೇ ಕುಯ್ದು, ಕೂಲಿಗೆ ಭತ್ತದಲ್ಲೇ ಪಾಲು ಪಡೆಯುತ್ತಿದ್ದರು. ಈಗ ಅವರಿಗೆ ಉಳಿದಿರುವುದು ಹಕ್ಕಲು. ಯಂತ್ರದ ಹಿಂದೆಯೇ ಪ್ಲಾಸ್ಟಿಕ್ ಹಾಳೆ ಹಿಡಿದು ಹೋಗಿ, ಹುಲ್ಲಿನ ಕಂತೆ ಎತ್ತಿ ಬಡಿದು, ಉಳಿದ ಕಾಳು ಉದುರಿಸಿಕೊಳ್ಳುತ್ತಾರೆ. ಇದಕ್ಕೆ ಯಾರೂ ಬೇಡ ಅನ್ನಲ್ಲ. ಬೇಡ ಅಂದರೆ ಊರು ಸುಮ್ಮನಿರಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ, ಜೀವನ. ನನ್ನ ಮಟ್ಟಿಗೆ ಇದೇ ಮುಖ್ಯ.

ಹಳ್ಳಿಯೊಳಗೆ 'ಆರ್‌ಟಿ' ಅಂತ ಇರುತ್ತದೆ, ಕೆಲವು ಡಜನ್ ಮನೆಗಳ ಗುಂಪು. ಅದಕ್ಕೊಬ್ಬ ಯಜಮಾನ. ಆತನ ಹೆಂಡತಿಯನ್ನು ಬು ಆರ್‌ಟಿ ಅಂತಾರೆ, ಊರಿನ ಅರ್ಧ ಆಡಳಿತ ಅವರ ಕೈಯಲ್ಲೇ. ಮನೆಯಲ್ಲಿ ಪರ ಊರಿನವರು ರಾತ್ರಿ ಉಳಿದರೆ 24 ಗಂಟೆಯೊಳಗೆ ಅಲ್ಲಿ ತಿಳಿಸಬೇಕು. ಬೀದಿ ತುದಿಯಲ್ಲಿ ಬೋರ್ಡೇ ಇರುತ್ತದೆ. ನನ್ನ ಅಪ್ಪ ಅಮ್ಮ ಬಂದಾಗಲೂ ಪಾಸ್‌ಪೋರ್ಟ್ ಜೆರಾಕ್ಸ್ ಕೊಟ್ಟು ಬಂದೆವು. ರಾತ್ರಿ ಗಂಡಸರು ಸರದಿ ಪ್ರಕಾರ ಕಾವಲು ತಿರುಗುತ್ತಾರೆ. ತಿರುಗುತ್ತಾ ಪ್ರತಿ ಮನೆ ಗೋಡೆಗೆ ತೂಗುಹಾಕಿದ ಪುಟ್ಟ ಡಬ್ಬಿಯಿಂದ 'ಜಿಂಪಿತಾನ್' ಎತ್ತಿಕೊಳ್ಳುತ್ತಾರೆ. ಹಿಂದೆ ಒಂದು ಹಿಡಿ ಅಕ್ಕಿ ಹಾಕುತ್ತಿದ್ದರು, ಈಗ ಐನೂರು ರುಪಿಯಾ ನಾಣ್ಯ. ಅದಕ್ಕೆ ಒಂದು ಚಾಕೊಲೇಟ್ ಬರುವುದೂ ಕಷ್ಟ. ಆದರೂ ಪುಸ್ತಕದಲ್ಲಿ ಬರೆಯುತ್ತಾರೆ. ಆ ದುಡ್ಡಲ್ಲೇ ಬೀದಿ ದೀಪ, ಶಾಮಿಯಾನದ ಕುರ್ಚಿ. ಡಬ್ಬಿ ಖಾಲಿ ಇದ್ದರೆ ಕಳವಿಗಿಂತ ಮೊದಲು ಕಾಯಿಲೆ ಅನುಮಾನ, ಬೆಳಿಗ್ಗೆ ಯಾರಾದರೂ ಬಂದು ವಿಚಾರಿಸುತ್ತಾರೆ.

ಮದುವೆ ಇದ್ದ ಮನೆಗೆ ಹೆಂಗಸರೆಲ್ಲ ಎರಡು ಮೂರು ದಿನ ಮುಂಚೆಯೇ 'ರೆವಾಂಗ್'ಗೆ, ಅಂದರೆ ಅಡುಗೆ ಕೆಲಸಕ್ಕೆ ಕೈಜೋಡಿಸಲು, ಹೋಗಬೇಕು. ಚಾಕು ನೀವೇ ತಗೊಂಡು ಹೋಗಬೇಕು. ಅಲ್ಲೂ ಒಂದು ಶ್ರೇಣಿ ಇದೆ. ಅನ್ನದ ಒಲೆ ಮುಂದೆ ವಯಸ್ಸಾದವರು. ಪಲ್ಯದ ರುಚಿ ನೋಡುವುದು ಇಬ್ಬರೋ ಮೂವರೋ. ಹೊಸ ಸೊಸೆಯರಿಗೆ ಈರುಳ್ಳಿ. ನಾನು ಬಹಳ ಕಾಲ ಈರುಳ್ಳಿಯಲ್ಲೇ ಇದ್ದೆ. ಟೀ ಮಾತ್ರ ಗಂಡಸರ ಕೆಲಸ, ಅದೂ ಒಂದೇ ತಂಡದ ಜಂಬದ ಕೆಲಸ. ಹುಡುಗರು ಸಾಲಾಗಿ ನಿಂತು ತಟ್ಟೆ ದಾಟಿಸುತ್ತಾ ಬಡಿಸುತ್ತಾರೆ: ಮೊದಲು ಟೀ ತಿಂಡಿ, ಆಮೇಲೆ ಊಟ, ಕೊನೆಗೆ ಐಸ್. ಐಸ್ ಬಂತು ಅಂದರೆ ತಿಂದು ಎದ್ದು ಹೊರಡಿ ಅಂತ ಅರ್ಥ. ಲಕೋಟೆ ಮೇಲೆ ಹೆಸರು ಬರೆದು ಮುಯ್ಯಿ ಹಾಕುತ್ತಾರೆ, ಮನೆಯವರು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾರೆ, ಮುಂದೆ ಅಷ್ಟೇ ವಾಪಸ್ ಹಾಕುತ್ತಾರೆ. ಜಾವಾ ಪಂಚಾಂಗದ 'ಬೆಸರ್' ತಿಂಗಳಲ್ಲಿ ಮದುವೆಗಳು ಒಂದರ ಮೇಲೊಂದು. ಆಗ ಜನ ಗೊಬ್ಬರಕ್ಕಿಂತ ಮುಯ್ಯಿಗೆ ಸಾಲ ಮಾಡುತ್ತಾರೆ. ಇದು ನನಗೆ ಇಷ್ಟವಾಗದ ಭಾಗ. ಅತ್ತೆ ಹತ್ತಿರ ಹೇಳಿ ನೋಡಿದ್ದೇನೆ, ಪ್ರಯೋಜನ ಇಲ್ಲ.

ಸಾವಾದರೆ ಮಸೀದಿಯ ಮೈಕಿನಲ್ಲಿ ಹೇಳುತ್ತಾರೆ. ಗದ್ದೆಯಲ್ಲಿದ್ದವರೂ ಕಾಲು ತೊಳೆದು ಬರುತ್ತಾರೆ. ಗುಂಡಿ ತೋಡುವವರಿಗೆ ಕೂಲಿ ಇಲ್ಲ.

ಇದೆಲ್ಲ ಸುಮ್ನೆ ಚಂದಕ್ಕೆ ಅಂದುಕೊಳ್ಳಬೇಡಿ. 2006ರ ಮೇ 27ರ ಬೆಳಗಿನ ಭೂಕಂಪದಲ್ಲಿ ಜೋಗ್ಜಾ ಮತ್ತು ಕ್ಲಾತೆನ್ ಕಡೆ 5,700ಕ್ಕೂ ಹೆಚ್ಚು ಜನ ಸತ್ತರು, ಲಕ್ಷಗಟ್ಟಲೆ ಮನೆ ಬಿದ್ದವು. ನಾನಾಗ ಇಲ್ಲಿರಲಿಲ್ಲ, ಯಜಮಾನರು ಹೇಳುತ್ತಾರೆ. ಸರ್ಕಾರದ ದುಡ್ಡು ಬರುವ ಮೊದಲೇ ನೆರೆಹೊರೆಯವರು ಗುಂಪು ಮಾಡಿಕೊಂಡು, ಇವತ್ತು ನಿಮ್ಮ ಮನೆ, ನಾಳೆ ನಮ್ಮ ಮನೆ ಅಂತ ಅವಶೇಷ ತೆಗೆದು ಬಿದಿರಿನ ಗುಡಿಸಲು ಎಬ್ಬಿಸಿದರು. ಯಾರದು ಮೊದಲು ಅನ್ನುವುದನ್ನು ಜಮೀನು ನೋಡಿ ತೀರ್ಮಾನಿಸಲಿಲ್ಲ. ಮನೆಯಲ್ಲಿ ಮುದುಕರು, ಎಳೆ ಮಕ್ಕಳು ಇದ್ದವರು ಮೊದಲು.

ಹಾಗಂತ ಕಾಲ ನಿಂತಿಲ್ಲ. ಸೋಲೋ–ಜೋಗ್ಜಾ ಟೋಲ್ ರಸ್ತೆ ಕ್ಲಾತೆನ್‌ನ ಗದ್ದೆಗಳ ನಡುವೆಯೇ ಬಂತು, ಕ್ಲಾತೆನ್ ತನಕದ ಭಾಗ 2024ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಪರಿಹಾರ ಸಿಕ್ಕವರು ಅದೇ ದುಡ್ಡಲ್ಲಿ ಆಚೀಚೆ ಊರಲ್ಲಿ ಗದ್ದೆ ಹುಡುಕಿದರು, ರೇಟು ಏರಿತು. ಹಳ್ಳಿಗೆ ಸೇರಿದ ಜಮೀನು ಹೋದರೆ ದುಡ್ಡು ಕೊಟ್ಟು ಕೈತೊಳೆದುಕೊಳ್ಳುವ ಹಾಗಿಲ್ಲ, ಜಮೀನೇ ಕೊಡಬೇಕು. ಹೀಗಾಗಿ ಸರ್ಕಾರವೂ ಗಿರಾಕಿ. ಇನ್ನೊಂದು ಕಡೆ, 2009ರ ಕಾನೂನಿನಲ್ಲಿ ರಕ್ಷಿತ ಅಂತ ಗುರುತಿಸಿದ ಗದ್ದೆಯಲ್ಲಿ ಮನೆ ಕಟ್ಟುವ ಹಾಗಿಲ್ಲ. ಗದ್ದೆ ನಡುವೆ ಒಂದು ಮರದ ಮನೆ ಅನ್ನುವ ಫೋಟೋ ನಿಮ್ಮ ತಲೆಯಲ್ಲಿದ್ದರೆ, ಅದು ಇಲ್ಲಿಯವರಿಗೂ ಅಷ್ಟು ಸುಲಭ ಅಲ್ಲ.

ಬರಲೇಬೇಕು ಅಂದರೆ ನನ್ನ ಸಲಹೆ: ವೀಸಾ ಸರಿ ಮಾಡಿಕೊಂಡು, ಊರೊಳಗೆ ಒಂದು ಮನೆ ವರ್ಷದ ಬಾಡಿಗೆಗೆ ಹಿಡಿಯಿರಿ. ಬಾಡಿಗೆ ವರ್ಷಕ್ಕೆ ಮುಂಗಡವಾಗಿಯೇ ಕೇಳುತ್ತಾರೆ, ಅದು ಮಾಮೂಲಿ. ಹಿತ್ತಲಿದ್ದ ಮನೆಯೇ ನೋಡಿ, ತೆಂಗು, ಬಾಳೆ, ಮರಗೆಣಸು ಅಲ್ಲೇ ಆಗುತ್ತದೆ, ಕೈ ಮಣ್ಣು ಮಾಡಿಕೊಳ್ಳುವ ಆಸೆ ತೀರುತ್ತದೆ. ಹಿತ್ತಲಿಗೆ ಬೇಲಿ ಹಾಕುವ ಮುಂಚೆ ಯಾರ್ಯಾರು ಅದರೊಳಗೆ ಹಾದು ಗದ್ದೆಗೆ ಹೋಗುತ್ತಾರೆ ಅಂತ ಕೇಳಿಕೊಳ್ಳಿ. ಮೊದಲ ದಿನವೇ ಪಾಸ್‌ಪೋರ್ಟ್ ಜೆರಾಕ್ಸ್ ಹಿಡಿದು ಬು ಆರ್‌ಟಿ ಮನೆಗೆ ಹೋಗಿ, ಟೀ ಕೊಟ್ಟರೆ ಬೇಡ ಅನ್ನಬೇಡಿ. ಕಾವಲಿನ ಸರದಿಯಲ್ಲಿ ಹೆಸರು ಹಾಕಿ ಅಂತ ನೀವೇ ಕೇಳಿ. ವೀಸಾ ಬಗೆಗಳ ಬಗ್ಗೆ ಬೇಕಿದ್ದರೆ ನಿಮ್ಮ ವಯಸ್ಸು, ಕೆಲಸ ತಿಳಿಸಿ ಬೇರೆ ಪ್ರಶ್ನೆ ಹಾಕಿ, ಗೊತ್ತಿದ್ದಷ್ಟು ಬರೆಯುತ್ತೇನೆ.